ಬಲಗಣ್ಣಿನ ಚಿತ್ರದ ಹೆಂಗಸು

ಗೋದುಬಾಯಿಗೆ ಸಂಶಯ ಹೆಚ್ಚು ಎಂದು ದಾಂಡೇಲಿಯ ನಮ್ಮ ಓಣಿಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ, ನನಗೇನು? ಹಾಲಿನವನು ನೀರು ಬೆರೆಸುತ್ತಾನೆ ಎಂದು ಮೊದಲು ಬಾಯಿ ಬಿಟ್ಟವಳು ನಾನೇ. ಆಮೇಲೆ ಹೌದು ಹೌದು ಎಂದು ಗೋಣು ಹಾಕಿದವರು ಇವರೇ. ಹಾಗಾಗಿ ಎರಡು ಸಾವಿರದ ಎಂಟನೆಯ ಇಸವಿಯ ದೀಪಾವಳಿಯ ಹೊತ್ತಿಗೆ ನನ್ನ ಗಂಡ ಲಗಮಪ್ಪ ಪ್ರತಿ ರವಿವಾರ ತಮ್ಮನನ್ನು ಗಾಡಿಯಲ್ಲಿ ಕೂರಿಸಿಕೊಂಡು ಊರು ಬಿಡಲು ಶುರುಮಾಡಿದಾಗ, ನಾನು ಕಣ್ಣು ಮುಚ್ಚಿಕೊಂಡು ಕೂರುವ ಹೆಂಗಸಲ್ಲ.

ನಮ್ಮವರು ಶಾಲೆಯ ಮಕ್ಕಳನ್ನು ಒಯ್ಯುವ ಟ್ರ್ಯಾಕ್ಸ್ ಓಡಿಸುತ್ತಿದ್ದರು. ಮಾವನವರು ಪೇಪರ್ ಮಿಲ್ಲಿನ ಕೆಲಸಕ್ಕೆಂದು ಬೈಲಹೊಂಗಲದ ಕಡೆಯಿಂದ ಬಂದವರು. ಮಗನಿಗೂ ಮಿಲ್ಲಿನಲ್ಲೇ ಕೆಲಸ ಕೊಡಿಸುತ್ತೇನೆಂದರೆ ಮಗರಾಯ ಒಲ್ಲೆ ಎಂದು ಹದಿಹರೆಯದಲ್ಲೇ ಕಟ್ಟಿಗೆ ಲಾರಿ ಹತ್ತಿದ್ದರು. ಅಣಶಿ ಘಟ್ಟದ ತಿರುವುಗಳನ್ನು ನಿದ್ದೆಯಲ್ಲೂ ಹೇಳುವವರು. "ಸ್ಟೇರಿಂಗ್ ಕೈಯಾಗ ಇರೂತನಕ ಲಗಮಪ್ಪ ಮನಶ್ಯಾ. ಆಮ್ಯಾಲ ಬರೇ ಹೆಣ," ಎಂದು ಎದೆ ತಟ್ಟಿಕೊಂಡು ಹೇಳುವುದು ಅವರ ಚಟ. ನಮ್ಮ ಲಕ್ಷ್ಮಿ, ಐದನೆಯ ಇಯತ್ತೆಯವಳು, ಅದೇ ಗಾಡಿಯಲ್ಲಿ ಶಾಲೆಗೆ ಹೋಗುತ್ತಿದ್ದಳು. ಓಣಿಯ ಮಕ್ಕಳೆಲ್ಲ ಅದೇ ಗಾಡಿಯಲ್ಲಿ. ಲಗಮಪ್ಪನ ಗಾಡಿ ಎಂದರೆ ತಾಯಂದಿರು ನಿಶ್ಚಿಂತೆಯಿಂದ ಒಳಗೆ ಹೋಗಿ ರೊಟ್ಟಿ ಬಡಿಯುತ್ತಿದ್ದರು.

ಅಂಥ ಮನುಷ್ಯ ಆ ವರ್ಷ ಬದಲಾದರು. ನನ್ನ ಜೊತೆ ಮಾತಾಡುವಾಗ ಮುಖ ಓರೆ ಮಾಡುತ್ತಿದ್ದರು. ಸಂತೆಗೆ ಜೊತೆಗೆ ನಡೆದರೆ ನನ್ನನ್ನು ಎಡಗಡೆಗೆ ಎಳೆದುಕೊಳ್ಳುತ್ತಿದ್ದರು, ನಾನು ಬಲಕ್ಕೆ ಹೋದರೆ ಸಿಟ್ಟು. ಊಟಕ್ಕೆ ಕೂತರೆ ಗೋಡೆಗೆ ಒತ್ತಿ ಕೂರುವುದು, ನಾನು ಬಡಿಸಲು ಬಂದರೆ ಬೆಚ್ಚುವುದು. ಗಂಡಸರು ಹೀಗೆ ಬೆಚ್ಚುವುದು ಯಾವಾಗ ಎಂದು ನನಗೆ ಗೊತ್ತಿಲ್ಲವೇ? ಹಾಗೇನಾದರೂ ಇದ್ದರೆ ಲಕ್ಷ್ಮಿಯನ್ನು ಕರೆದುಕೊಂಡು ತವರಿಗೆ ಹೋಗುವುದೇ ಸೈ ಎಂದು ಒಳಗೊಳಗೇ ನಿಶ್ಚಯ ಮಾಡಿದ್ದೆ.

ರವಿವಾರದ ತಿರುಗಾಟಕ್ಕೆ ನೆಪ ಮೈದುನ ಅಜಯ. ಅವನಿಗೆ ಬಜಾರಿನ ಹಿಂದೆ ಒಂದು ಫೋಟೋ ಸ್ಟುಡಿಯೋ. ಮದುವೆ, ಬಸುರಿಯರ ಕುಬಸ, ಪಾಸ್‌ಪೋರ್ಟ್ ಫೋಟೋ ಎಂದುಕೊಂಡು ನೆಮ್ಮದಿಯಾಗಿದ್ದ ಹುಡುಗನ ತಲೆಯಲ್ಲಿ ನದಿ ದಂಡೆಯ ಒಂದು ರೆಸಾರ್ಟಿನವರು ಹುಳ ಬಿಟ್ಟರು. ಬರುವ ಪ್ರವಾಸಿಗರಿಗೆ ಈ ಭಾಗದ ಜಾಗಗಳನ್ನು ಎದ್ದು ಬರುವ ಹಾಗೆ ತೋರಿಸಬೇಕಂತೆ. ಅಣಶಿಯ ಕಾಡು, ಅತ್ತಿವೇರಿಯ ಹಕ್ಕಿಗಳು, ಮುಂಡಗೋಡದ ಟಿಬೆಟನ್ ಕಾಲೊನಿಯ ಮಠ, ಎಲ್ಲವೂ ಕೈ ಚಾಚಿದರೆ ಸಿಗುವಂತೆ ಕಾಣಬೇಕಂತೆ. ಅದಕ್ಕಾಗಿ ಅಣ್ಣನ ಗಾಡಿ, ಅಣ್ಣನ ರವಿವಾರ.

"ಮಠ ಒಂದ ಐತಿ. ಅದಕ್ಕ ಆರು ಫೋಟೋ ಯಾಕ ಬೇಕೋ?" ಎಂದು ನಾನು ಅವನ ಸ್ಟುಡಿಯೋಕ್ಕೇ ಹೋಗಿ, ಕಂಪ್ಯೂಟರಿನಲ್ಲಿ ಸಾಲಾಗಿ ಕಂಡದ್ದನ್ನು ಎಣಿಸಿ ಕೇಳಿದೆ.

ಅಜಯ ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. "ವೈನಿ, ಮಠದ ಒಳಗ ಕತ್ತಲಿ, ದೀಪಾ. ಹೊರಗ ಮಟಮಟ ಬಿಸಲು. ಒಂದ ಸಲಕ್ಕ ಎರಡೂ ಬರಂಗಿಲ್ಲ. ಒಳಗಿಂದು ಬಂದ್ರ ಹೊರಗಿಂದು ಬೆಳ್ಳಗ ಸುಟ್ಟ ಹೋಗತೈತಿ, ಹೊರಗಿಂದು ಬಂದ್ರ ಒಳಗ ಬರೇ ಮಸಿ. ಅದಕ್ಕ ಮೂರು ತಗೀತೇನಿ. ಒಂದು ಕಪ್ಪಗ, ಒಂದು ನಡುವಿಂದು, ಒಂದು ಬೆಳ್ಳಗ. ಮೂರೂ ಕೂಡಿಸಿ ಒಂದ ಮಾಡಿದ್ರ ದೀಪಾನೂ ಕಾಣತೈತಿ, ಮುಗಲೂ ಕಾಣತೈತಿ."

"ಮೂರಾತು. ಇನ್ನ ಮೂರು ಯಾರಿಗೆ?"

"ಬಲಗಣ್ಣಿಗೆ," ಎಂದು ನಕ್ಕ. "ಮೊದಲಿನವು ಎಡಗಣ್ಣಿಂದು. ಆಮ್ಯಾಲ ಕ್ಯಾಮೆರಾ ನಾಕ ಬಟ್ಟು ಬಲಕ್ಕ ಸರಸಿ ಮತ್ತ ಮೂರು. ನಮ್ಮ ಎರಡು ಕಣ್ಣು ಒಂದಕ್ಕೊಂದು ಚೂರು ಬ್ಯಾರೆ ನೋಡತಾವ ವೈನಿ. ಎರಡನೂ ತಲಿ ಒಳಗ ಕೂಡಿದಾಗ ಚಿತ್ರ ಎದ್ದ ನಿಂದರತೈತಿ."

ಹೇಳಿದ್ದೇನೋ ಕೇಳಿಸಿತು, ನಂಬಿಕೆ ಮಾತ್ರ ಬರಲಿಲ್ಲ. ಮಾತಿಗೆ ಮಾತು ಕೂಡಿಸುವುದರಲ್ಲಿ ಅಣ್ಣ ತಮ್ಮ ಇಬ್ಬರೂ ಗಟ್ಟಿಗರು. ಅಜಯ ಮಾತ್ರ ಹಗಲೆಲ್ಲ ಅದೇ ಕೆಲಸದಲ್ಲಿ ಮುಳುಗಿರುತ್ತಿದ್ದ. ಮೊದಲ ಸಲ ಎಡಗಣ್ಣಿನ ಮೂರನ್ನು ಒಂದು ರೀತಿ ಕೂಡಿಸಿ, ಬಲಗಣ್ಣಿನ ಮೂರನ್ನು ಕಂಪ್ಯೂಟರಿನ ಇಷ್ಟಕ್ಕೆ ಬಿಟ್ಟಿದ್ದನಂತೆ. ಒಂದು ಕಣ್ಣಿಗೆ ಕಡು ನೀಲಿ ಆಕಾಶ, ಇನ್ನೊಂದಕ್ಕೆ ತೊಳೆದ ಹಾಗೆ ಪೇಲವ. ಅವನು ಕೊಟ್ಟ ಕನ್ನಡಕ ಹಾಕಿ ಅದನ್ನು ನೋಡಿದಾಗ ನನಗೆ ತಲೆ ತಿರುಗಿ ವಾಂತಿ ಬರುವಂತಾಯಿತು. "ಎರಡೂ ಕಣ್ಣಿಗೆ ಬೆಳಕು ಒಂದ ತೂಕ ಇರಬೇಕ್ರಿ ವೈನಿ, ಇಲ್ಲಾಂದ್ರ ಜಗಳಾ ಆಡತಾವ," ಎಂದು ಮತ್ತೆ ಮೊದಲಿನಿಂದ ಕೂತ. ರೆಸಾರ್ಟಿನ ಗೋಡೆಗೆಂದು ಕೆಂಪು-ನೀಲಿ ಕನ್ನಡಕ ಹಾಕಿಕೊಂಡು ನೋಡುವ ದೊಡ್ಡ ಚಿತ್ರಗಳು. ಮೇಜಿನ ಮೇಲೆ ಇಡಲು ಒಂದು ಕಟ್ಟಿಗೆಯ ಡಬ್ಬಿ. ಅದಕ್ಕೆ ಎರಡು ಭೂತಗನ್ನಡಿ, ನಡುವೆ ಹಲಗೆಯ ಅಡ್ಡಗೋಡೆ. ಎಡಗಣ್ಣಿನ ಚಿತ್ರ, ಬಲಗಣ್ಣಿನ ಚಿತ್ರ ಎರಡನ್ನೂ ಒಂದೇ ರಟ್ಟಿನ ಮೇಲೆ ಅಂಟಿಸಿ ಡಬ್ಬಿಯಲ್ಲಿ ಇಳಿಸಿದರೆ ಒಂದೊಂದು ಕಣ್ಣಿಗೆ ಅದರದರದೇ ಚಿತ್ರ ಕಾಣಿಸುತ್ತದೆ.

ಆ ಡಬ್ಬಿಯನ್ನು ಅವನು ಮೊದಲು ತಂದದ್ದು ನಮ್ಮ ಮನೆಗೆ, ಶಾಲೆಗೆ ಸೂಟಿ ಇದ್ದ ಒಂದು ಮಧ್ಯಾಹ್ನ. ಆಚೆ ಮನೆಯ ಮಾಲವ್ವ ಮೂಸಿ ನೋಡಿದವಳಂತೆ ಆಗಲೇ ಹಾಜರ್. ಅವಳ ಮಗನೂ ನಮ್ಮ ಗಾಡಿಯಲ್ಲೇ ಶಾಲೆಗೆ ಹೋಗುವವನು, ಹಾಗಾಗಿ ನಮ್ಮ ಮನೆ ಅವಳ ಮನೆಯಂತೆಯೇ. ಮೊದಲು ಲಕ್ಷ್ಮಿ ಡಬ್ಬಿಗೆ ಕಣ್ಣು ಹಚ್ಚಿದಳು.

"ಯವ್ವಾ! ಅಪ್ಪ ಹೊರಗ ಬಂದ ನಿಂತಾನ! ದೀಪಾ ನೋಡ, ಎಷ್ಟ ದೂರ ಅದಾವ!" ಎಂದು ಕುಣಿದಳು. ಆಮೇಲೆ, "ಕಾಕಾ, ಅಪ್ಪನ ಬಾಜೂಕ ನಿಂತಾಕಿ ಯಾರ?" ಎಂದಳು.

ನಾನು ಡಬ್ಬಿ ಕಸಿದುಕೊಂಡೆ. ಮುಂಡಗೋಡದ ಮಠದ ಹೆಬ್ಬಾಗಿಲು. ಒಳಗೆ ಸಾಲು ದೀಪ, ಹೊರಗೆ ಬಿಸಿಲು, ಬಿಸಿಲಿನಲ್ಲಿ ನಮ್ಮ ಟ್ರ್ಯಾಕ್ಸ್. ಅದರ ಎಡಬದಿಯ ಬಾಗಿಲಿಗೆ ಬೆನ್ನು ಕೊಟ್ಟು ನಮ್ಮವರು ಮದುಮಗನ ಹಾಗೆ ನೆಟ್ಟಗೆ ನಿಂತಿದ್ದಾರೆ. ಅವರ ಬಲಕ್ಕೆ, ತೋಳಿಗೆ ತೋಳು ತಾಗುವಷ್ಟು ಹತ್ತಿರ, ಹಸಿರು ಸೀರೆಯ ಒಬ್ಬ ಹೆಂಗಸು. ಗಾಡಿಯ ಕನ್ನಡಿಯ ಕಡೆ ಬಾಗಿದ್ದಾಳೆ. ಉಳಿದದ್ದೆಲ್ಲ ಗಟ್ಟಿಯಾಗಿ ಕಂಡರೆ ಅವಳೊಬ್ಬಳು ನೀರಿನಲ್ಲಿ ಅಲುಗಿದ ಹಾಗೆ, ಇದ್ದೂ ಇಲ್ಲದ ಹಾಗೆ, ಒಂದು ತಲೆಯೊಳಗೆ ಇನ್ನೊಂದು ತಲೆ.

ಮಾಲವ್ವ ನೋಡಿದಳು. "ಅಯ್ಯ, ಚಂದ ಅದಾಳ ಬಿಡವಾ," ಎಂದು ತುಟಿ ಕೊಂಕಿಸಿದಳು. ಅವಳ ತುಟಿಗೆ ಬೆಂಕಿ ಬೀಳಲಿ.

ಅಜಯ ಹಣೆ ಬಡಿದುಕೊಂಡ. "ದೆವ್ವ ಉಳದೈತಿ! ಮೂರು ಫೋಟೋ ಕೂಡಿಸೂಮುಂದ ನಡುವ ಯಾರರ ಅಲುಗಾಡಿದ್ರ ಹಿಂಗ ಅರ್ಧಂಬರ್ಧ ಉಳೀತಾರ, ವೈನಿ. ನಮ್ಮ ಧಂದೇದಾಗ ಅದಕ್ಕ ದೆವ್ವ ಅಂತಾರ. ನಾ ಎಡಗಣ್ಣಿನ ಮೂರು ತಗದು ಕ್ಯಾಮೆರಾ ಸರಸೂದರಾಗ ಯಾರೋ ಬಂದ ನಿಂತಾರ. ಬಲಗಣ್ಣಿನ ಚಿತ್ರದಾಗಷ್ಟ ಅದಾಳ. ಅಳಸೂದ ಮರತೆ."

ಇಷ್ಟಕ್ಕೆ ಮುಗಿದಿದ್ದರೆ ಮುಗಿಯುತ್ತಿತ್ತು. ದಾರಿಹೋಕಳೊಬ್ಬಳು ಬಂದು ನಿಂತಳು ಎಂದರೆ ನಾನೇನು ನುಂಗುತ್ತಿದ್ದೆನೇ? ಅಲ್ಲೇ ಗೋಡೆಗೆ ಒತ್ತಿ ಕೂತಿದ್ದ ನಮ್ಮವರ ಕೈಗೆ ಡಬ್ಬಿಯನ್ನು ಕೊಟ್ಟೆ.

"ಭಾರೀ ಬಂದೇತಿ ಬಿಡೋ ಅಜ್ಯಾ," ಎಂದರು ಡಬ್ಬಿಯೊಳಗೆ ನೋಡುತ್ತ.

"ಅಕಿ ಯಾರ್ರೀ?" ಎಂದೆ.

"ಯಾರ?"

"ನಿಮ್ಮ ಬಾಜೂಕ ನಿಂತಾಕಿ. ಹಸರ ಸೀರಿ."

ಅವರು ಮತ್ತೆ ನೋಡಿದರು. ಬಹಳ ಹೊತ್ತು ನೋಡಿದರು. "ಎಲ್ಲಿ ಸೀರಿ? ಯಾರೂ ಇಲ್ಲಲ್ಲ. ನಾ ಒಬ್ಬವನ ನಿಂತೇನಿ," ಎಂದರು.

ಐದನೆಯ ಇಯತ್ತೆಯ ಹುಡುಗಿಗೆ ಕಂಡದ್ದು, ನನಗೆ ಕಂಡದ್ದು, ಪರರ ಮನೆಯ ಮಾಲವ್ವನಿಗೂ ಕಂಡದ್ದು ಇವರೊಬ್ಬರಿಗೆ ಕಾಣಲಿಲ್ಲವಂತೆ! ಅಜಯ ಅಣ್ಣನ ಮುಖ ನೋಡಿದ. ಅವರು ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟು, ಡೀಸೆಲ್ ಹಾಕಿಸಬೇಕು ಎಂದು ಎದ್ದು ಹೋದರು. ಹೊರಗೆ ಹೋಗುವ ಅವಸರದಲ್ಲಿ ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಂಡರು. ಕಳ್ಳನಿಗೆ ದಾರಿ ಸಹ ಕಾಣುವುದಿಲ್ಲ ನೋಡು ಎಂದುಕೊಂಡೆ.

ಅಜಯ ಡಬ್ಬಿ ಒಯ್ಯುವಾಗ ಆ ರಟ್ಟನ್ನು ನಾನು ತೆಗೆದಿಟ್ಟುಕೊಂಡೆ. ಡಬ್ಬಿಯಿಲ್ಲದೆ ಬರಿಗಣ್ಣಿನಲ್ಲಿ ನೋಡಿದರೆ ಎರಡು ಚಿತ್ರ ಅಕ್ಕಪಕ್ಕ. ಎಡದ್ದರಲ್ಲಿ ಗಂಡ ಒಬ್ಬರೇ. ಬಲದ್ದರಲ್ಲಿ ಗಂಡ ಮತ್ತು ಅವಳು. ಮರುದಿನ ಬೆಳಿಗ್ಗೆ ನಾಷ್ಟಾಕ್ಕೆ ಕೂತಾಗ ರಟ್ಟನ್ನು ತಾಟಿನ ಪಕ್ಕ ಇಟ್ಟು, ಬೆರಳು ಇಟ್ಟು ತೋರಿಸಿದೆ. "ಈಗ ಕಾಣತಾಳೇನ್ರಿ?"

ಅವರ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಇಕಿ... ಯಾವಾಗ ಬಂದ್ಲು?" ಎಂದರು. ಮುಖದ ಬಣ್ಣ ಇಳಿದು ಹೋಗಿತ್ತು. "ನನಗ ಖರೇನ ಗೊತ್ತಿಲ್ಲ, ಗೋದು."

"ನಿನ್ನೆ ಇರಲಿಲ್ಲ, ಇವತ್ತ ಹುಟ್ಟಿ ಬಂದ್ಲೇನ? ಮೈಗೆ ಮೈ ಹಚ್ಚಿ ನಿಂತಾಕಿ ಗೊತ್ತಿಲ್ಲಂತ! ಯಾರ ಕಣ್ಣಿಗೆ ಮಣ್ಣ ಹಾಕತೀರಿ?"

ಜಗಳವಾಡಿದ್ದರೆ, ನನ್ನ ಮೇಲೆ ಕೈ ಎತ್ತಿದ್ದರೆ ಸಹ ಇಷ್ಟು ಉರಿಯುತ್ತಿರಲಿಲ್ಲ. ಅರ್ಧಕ್ಕೆ ಕೈ ತೊಳೆದು, ಲಕ್ಷ್ಮಿಯನ್ನು ಕರೆದು, ಗಾಡಿ ತೆಗೆದುಕೊಂಡು ಹೋದರು. ಅವಳಿಗೆ ಅವತ್ತು ಮೈ ಕಾದಿತ್ತು, ಶಾಲೆ ಬೇಡ ಎಂದು ನಾನು ಹೇಳಿದ್ದೆ. "ಬರಲಿ ಬಿಡ, ಅಕಿ ಬರಬೇಕು," ಎಂದು ಎಳೆದುಕೊಂಡೇ ಹೋದರು. ಮಗಳನ್ನು ನನ್ನ ಹತ್ತಿರ ಬಿಟ್ಟರೆ ನಾನು ಬಾಯಿ ಬಿಡಿಸುತ್ತೇನೆ ಎಂಬ ಭಯ ಇರಬೇಕು ಎಂದು ನನಗೆ ಖಾತ್ರಿಯಾಯಿತು.

ಅವರು ಆ ಕಡೆ ಹೋದ ಮೇಲೆ ನಾನು ಈ ಕಡೆ ರಟ್ಟನ್ನು ಚೀಲದಲ್ಲಿ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಹಳಿಯಾಳಕ್ಕೆ ಒಂದು ಬಸ್ಸು, ಅಲ್ಲಿಂದ ಕಲಘಟಗಿಗೆ ಇನ್ನೊಂದು, ಮುಂದೆ ಮುಂಡಗೋಡಕ್ಕೆ ಮತ್ತೊಂದು. ದಾರಿಯುದ್ದಕ್ಕೂ ಅವಳಿಗೆ ಏನೇನು ಬೈಯಬೇಕು ಎಂದು ಬಾಯಿಪಾಠ ಮಾಡುತ್ತಿದ್ದೆ. ಮುಂಡಗೋಡದಿಂದ ಟೆಂಪೋ ಹತ್ತಿ ಟಿಬೆಟನ್ ಕಾಲೊನಿಯಲ್ಲಿ ಇಳಿದಾಗ ಮಠದ ಎದುರು ಗೋವಿನಜೋಳ ಒಣಹಾಕಿದ್ದರು, ಕಾಲಿಡಲು ಜಾಗವಿಲ್ಲ. ಒಬ್ಬ ಎಳೆಯ ಸನ್ಯಾಸಿಗೆ ರಟ್ಟು ತೋರಿಸಿದೆ. ಅವನು ನೋಡಿ ಗೊಳ್ಳೆಂದು ನಕ್ಕು, "ಚಂಪಾಬಾಯಿ, ನಿಂಗೆ ಮೂರು ತಲೆ!" ಎಂದು ಕೂಗಿದ.

ತೆನೆ ಸುಲಿಯುತ್ತಿದ್ದ ಹೆಂಗಸರ ನಡುವಿನಿಂದ ಒಬ್ಬಳು ಎದ್ದು ಬಂದಳು. ಅದೇ ಹಸಿರು ಸೀರೆ, ಈಗ ಮೊಣಕಾಲಿನವರೆಗೆ ಎತ್ತಿ ಕಟ್ಟಿದ್ದು. ಹತ್ತಿರದ ಹಳ್ಳಿಯವಳು, ಕಾಲೊನಿಯವರ ಹೊಲಗಳಲ್ಲಿ ಕೂಲಿ. ನನ್ನಷ್ಟೇ ವಯಸ್ಸು, ನನಗಿಂತ ಎರಡು ಹಲ್ಲು ಕಡಿಮೆ. ಬಾಯಿಪಾಠ ಮಾಡಿದ್ದು ಅರ್ಧ ಮರೆತುಹೋಯಿತು.

"ಈ ಗಾಡಿಯವರು ನಿನಗ ಏನಾಗಬೇಕು?" ಎಂದೆ.

"ನನಗೇನ ಆಗಬೇಕ್ರಿ ಅಕ್ಕಾರ?" ಎಂದು ಅವಳು ರಟ್ಟು ನೋಡುತ್ತ ನಗತೊಡಗಿದಳು. "ಅವತ್ತ ಬೆವರಿಗೆ ಕುಂಕಮ ಮೂಗಿನ ಮ್ಯಾಲ ಇಳದಿತ್ತು. ಗಾಡಿಗೆ ಕನ್ನಡಿ ಕಂಡ್ತು, ಹೋಗಿ ನಿಂತೆ. ಸರೀಗೆ ಕಾಣಲಿಲ್ಲ ಅಂತ ಕನ್ನಡಿ ತುಸು ತಿರವಿದೆ. ಫೋಟೋ ತಗೀಲಿಕತ್ತಾರ ಅಂತ ಯಾರಿಗ್ ಗೊತ್ತಿತ್ರಿ? ಅಲ್ಲೊಂದ ಕ್ಯಾಮೆರಾ ಕಂಡ ಮ್ಯಾಲ ನಾಚಿಕಿ ಬಂದು ಓಡಿ ಬಂದೆ."

"ಅವರು ನಿನ್ನ ಜೋಡಿ ಏನ ಮಾತಾಡಿದ್ರು?"

"ಮಾತೇನ ಬಂತ್ರಿ? ತಿರಗಿ ಸುದ್ದಾ ನೋಡಲಿಲ್ಲ. ನನ್ನ ಸೆರಗು ಅವರ ತೋಳಿಗೆ ಹತ್ತೂವಷ್ಟು ಹತ್ತರ ಇದ್ದೆ. ಕನ್ನಡಿ ಮುಟ್ಟಿದ್ದಕ್ಕ ಬೈತಾರ ಅಂತ ಜೀವ ಹೆದರಿತ್ತು. ಅವರು ಕಲ್ಲಿನ ಕಂಬದಂಗ ನಿಂತಿದ್ರು. ನಮ್ಮ ಗೆಳತ್ಯಾರಿಗೆ ಹೇಳಿದೆ, ಹಿಂಥಾ ಗಂಡಸರೂ ಇರ್ತಾರವಾ, ಬಾಜೂಕ ಹೆಣ್ಣ ನಿಂತ್ರೂ ಕಣ್ಣ ಹಾಯಸದವರು ಅಂತ. ನಿಮ್ಮ ಮನಿಯವರೇನ್ರಿ? ಪುಣ್ಯಾ ಮಾಡೀರಿ ಬಿಡ್ರಿ."

ಸುಳ್ಳು ಹೇಳುವವರ ಮುಖ ನನಗೆ ಗೊತ್ತು. ಅದು ಸುಳ್ಳಿನ ಮುಖವಲ್ಲ. ಅವಳು ಕೊಟ್ಟ ಸುಟ್ಟ ತೆನೆ ತಿಂದು, ಅವಳ ಮಗಳ ಮದುವೆಯ ಸುದ್ದಿ ಕೇಳಿ, ಅಕ್ಕತಂಗಿಯರಂತೆ ಬೀಳ್ಕೊಂಡು ಬಂದೆ. ಬಸ್ಸಿನಲ್ಲಿ ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ಎಂಥ ಗಂಡ ನನ್ನವನು! ಮಾಲವ್ವನನ್ನು ಬಾವಿಯ ಕಟ್ಟೆಗೆ ಕರೆದು, ನಾಲ್ಕು ಜನರ ಎದುರು ಈ ಮಾತು ಹೇಳಬೇಕು ಎಂದು ಹಿಗ್ಗುತ್ತ ಕೂತೆ.

ಆ ಹಿಗ್ಗು ಕಲಘಟಗಿ ದಾಟುವವರೆಗೂ ಬಾಳಲಿಲ್ಲ. ಮುಂದೆ ಕೂತಿದ್ದ ಡ್ರೈವರ್ ಕೈ ಹೊರಗೆ ಹಾಕಿ ಕನ್ನಡಿ ಸರಿಮಾಡಿಕೊಂಡ. ಅಷ್ಟೇ. ನನ್ನ ತಲೆಯಲ್ಲಿ ಏನೋ ಕೊರೆಯತೊಡಗಿತು. ಗಾಡಿಯ ಕನ್ನಡಿ ಮುಟ್ಟಿದರೆ ನಮ್ಮವರು ಓಣಿಯ ಮಕ್ಕಳ ಕಿವಿ ಹಿಂಡುತ್ತಿದ್ದವರು. ದೇವರ ಪಟ ಒರೆಸದೆ ಇದ್ದರೂ ಕನ್ನಡಿ ಒರೆಸದೆ ಗಾಡಿ ತೆಗೆಯದವರು. ಅಪರಿಚಿತ ಹೆಂಗಸು ಬಂದು ಆ ಕನ್ನಡಿ ತಿರುವಿದರೂ ಸುಮ್ಮನಿದ್ದರೇ? ಹೆಣ್ಣನ್ನು ನೋಡದಿರುವುದು ಒಳ್ಳೆಯ ಗುಣವಿರಬಹುದು. ಕನ್ನಡಿ ತಿರುವಿದ ಕೈಯನ್ನೂ ನೋಡದಿರುವುದು ಗುಣವಲ್ಲ.

ಹಳಿಯಾಳದಲ್ಲಿ ಬಸ್ಸು ಬದಲಿಸುವಾಗ ಒಂದೊಂದೇ ನೆನಪಾಗತೊಡಗಿತು. ಊಟಕ್ಕೆ ಕೂತಾಗ ಅವರ ಯಾವ ಕಡೆಗೆ ಗೋಡೆ ಇರುತ್ತಿತ್ತು? ಬಲಕ್ಕೆ. ಸಂತೆಯಲ್ಲಿ ನಾನು ಯಾವ ಕಡೆ ನಡೆದರೆ ಸಿಟ್ಟು? ಬಲಕ್ಕೆ. ಬಾಗಿಲಿಗೆ ಬಡಿದದ್ದು ಯಾವ ಭುಜ? ಚಂಪಾಬಾಯಿ ನಿಂತದ್ದು, ಡಬ್ಬಿಯಲ್ಲಿ ಅವಳಿದ್ದದ್ದು? ದಾಂಡೇಲಿ ಬಂದರೂ ಸೀಟಿನಿಂದ ಏಳದೆ ಕೂತಿದ್ದ ನನ್ನನ್ನು ಕಂಡಕ್ಟರ್ ಗದರಿಸಿ ಇಳಿಸಿದ.

ಮನೆಗೆ ಬಂದಾಗ ಬಿಸಿಲು ಇಳಿದಿತ್ತು. ಶಾಲೆ ಬಿಟ್ಟು ಮಕ್ಕಳನ್ನು ಮನೆಗೆ ಮುಟ್ಟಿಸಿ, ನಮ್ಮವರು ಅಂಗಳದಲ್ಲಿ ಗಾಡಿಯ ಮುಂದಿನ ಗಾಜು ಒರೆಸುತ್ತಿದ್ದರು. ಏನೋ ಹಾಡು ಗುನುಗುತ್ತಿದ್ದರು. ನಾನು ಚಪ್ಪಲಿ ಬಿಟ್ಟು, ಬಳೆ ಸದ್ದಾಗದಂತೆ ಕೈ ಸೆರಗಿನಲ್ಲಿ ಸುತ್ತಿಕೊಂಡು, ಅವರ ಬಲಗಡೆಗೆ ಹೋಗಿ ನಿಂತೆ. ಅವರು ಒರೆಸುತ್ತಲೇ ಇದ್ದರು. ಇನ್ನೊಂದು ಹೆಜ್ಜೆ ಹತ್ತಿರ ಹೋದೆ. ಅವರ ಉಸಿರು ನನಗೆ ಕೇಳುತ್ತಿತ್ತು. ಕೈ ಎತ್ತಿ ಅವರ ಬಲಗಣ್ಣಿನ ಹತ್ತಿರ ಒಯ್ದೆ. ರೆಪ್ಪೆ ಸಹ ಅಲುಗಲಿಲ್ಲ. ಹಾಡು ನಿಲ್ಲಲಿಲ್ಲ.

"ಯವ್ವಾ, ಆ ಕಡೆ ನಿಂತ್ರ ಅಪ್ಪಗ ಗೊತ್ತಾಗಂಗಿಲ್ಲ," ಎಂದಳು ಕಟ್ಟೆಯ ಮೇಲೆ ಕೂತಿದ್ದ ಲಕ್ಷ್ಮಿ.

ಅವರ ಕೈಯ ಬಟ್ಟೆ ಕೆಳಗೆ ಬಿತ್ತು. ಪೂರ್ತಿ ತಿರುಗಿ ನನ್ನನ್ನು ನೋಡಿದರು. ಆಮೇಲೆ ಮಗಳನ್ನು ನೋಡಿದರು. ಅವಳು ತಪ್ಪು ಮಾಡಿದವಳಂತೆ ಬಾಯಿ ಮುಚ್ಚಿಕೊಂಡಳು.

"ನಿನಗ್ಹೆಂಗ ಗೊತ್ತ ಲಕ್ಷ್ಮಿ?" ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

"ನಾ ದಿನಾ ಅಪ್ಪನ ಹಿಂದಿನ ಸೀಟಿಗೆ ಕುಂಡ್ರತೇನಲ್ಲ? ಬಲಕ್ಕ ಗಾಡಿ ಬಂದ್ರ ಅಪ್ಪನ ಭುಜಾ ತಟ್ಟತೇನಿ. ಲಾರಿ ಬಂದ್ರ ಜೋರ ತಟ್ಟಬೇಕು. ಆಟ ಅದು. ಯಾರ ಮುಂದೂ ಹೇಳಬಾರ್ದಂತ."

ಜ್ವರ ಬಂದ ಹುಡುಗಿಯನ್ನು ಎಳೆದುಕೊಂಡು ಹೋದದ್ದು ಯಾಕೆಂದು ಆಗ ತಿಳಿಯಿತು. ಗಾಡಿ ತುಂಬ ಮಕ್ಕಳು, ಮಿಲ್ಲಿಗೆ ಬಿದಿರು ಹೊತ್ತು ಬರುವ ಲಾರಿಗಳ ದಾರಿ, ಅವುಗಳ ನಡುವೆ ನನ್ನ ಮಗಳ ಒಂದು ಅಂಗೈ.

ಒಳಗೆ ಬಂದ ಮೇಲೆ ಅವರು ಎಲ್ಲ ಹೇಳಿದರು. ಯುಗಾದಿಗೂ ಮೊದಲೇ ಬಲಗಣ್ಣು ಮಬ್ಬಾಗಿತ್ತಂತೆ. ಗಾಡಿ ರಿಪೇರಿಯ ಮಿಸ್ತ್ರಿಯನ್ನು ನೋಡುವ ನೆಪದಲ್ಲಿ ಹುಬ್ಬಳ್ಳಿಗೆ ಹೋಗಿ ಡಾಕ್ಟರಿಗೆ ತೋರಿಸಿದರಂತೆ. ಕಣ್ಣಿನ ಒತ್ತಡ ಏರಿ ಒಳಗಿನ ನರ ಒಣಗಿದೆ, ಹೋದದ್ದು ಬರುವುದಿಲ್ಲ, ಎಡಗಣ್ಣಿಗಾದರೂ ದಿನಾ ಔಷಧ ಹಾಕು, ಮಕ್ಕಳ ಗಾಡಿ ಓಡಿಸುವುದು ನಿಲ್ಲಿಸು ಎಂದರಂತೆ. ಔಷಧದ ಮಾತು ಕೇಳಿದರು, ಗಾಡಿಯ ಮಾತು ಕೇಳಲಿಲ್ಲ. ಅಜಯನಿಗೂ ಹೇಳಿರಲಿಲ್ಲ. ಡಬ್ಬಿಯೊಳಗೆ ನೋಡಿದಾಗ ಏನು ಎದ್ದು ಬಂತೋ ಏನು ಬಿಟ್ಟಿತೋ ಅವರಿಗೆ ಗೊತ್ತೇ ಆಗಿರಲಿಲ್ಲ. ತಮ್ಮನ ಮನಸ್ಸು ಮುರಿಯಬಾರದೆಂದು ಭಾರೀ ಬಂದಿದೆ ಎಂದಿದ್ದರು.

ನಾನು ಅತ್ತೆ. ಅವರಿಗೂ ಬೈದೆ, ದೇವರಿಗೂ ಬೈದೆ. ಆ ಹಸಿರು ಸೀರೆಯವಳು ನಿಜವಾಗಿಯೂ ಅವರ ಹೆಂಗಸಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮನಸ್ಸು ಬಯಸಿತು, ಶಿವನಾಣೆ. ಜಗಳವಾಡಿ, ತವರಿಗೆ ಹೋಗಿ, ಹಿರಿಯರನ್ನು ಕೂಡಿಸಿ ಗಂಡನನ್ನು ಅವಳಿಂದ ಬಿಡಿಸಿ ತರಬಹುದಿತ್ತು. ಸತ್ತ ಕಣ್ಣನ್ನು ಯಾರ ಮನೆಯಿಂದ ಬಿಡಿಸಿ ತರಲಿ?

"ಬ್ಯಾಸಗಿ ಸೂಟಿತನಕ ಅಷ್ಟ, ಗೋದು," ಎಂದರು. "ಆಮ್ಯಾಲ ನಾನ ಬಿಡತೇನಿ. ಈ ದಾರಿ ನನಗ ಕಣ್ಣಿಲ್ಲದ ಗೊತ್ತೈತಿ. ನನ್ನ ಮ್ಯಾಲ ನಂಬಿಕಿಲ್ಲೇನ ನಿನಗ?"

ಇಷ್ಟು ವರ್ಷದಲ್ಲಿ ಅವರನ್ನು ನಾನು ಪೂರ್ತಿ ನಂಬಿದ್ದು ಆ ಸಂಜೆಯೇ ಮೊದಲು.

ಆದರೂ ಬೆಳಿಗ್ಗೆ ಗಾಡಿಯ ಕೀಲಿಯನ್ನು ನಾನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಓಣಿಯ ಮಕ್ಕಳು ಎಂದಿನಂತೆ ಬಂದು, ನೂಕಾಡಿ, ಗಾಡಿಯಲ್ಲಿ ತುಂಬಿಕೊಂಡರು. ನಮ್ಮವರು ಅಂಗಿ ತೊಟ್ಟು ಹೊರಗೆ ಬಂದು ಕೈ ಚಾಚಿದರು. ನಾನು ಕೊಡಲಿಲ್ಲ. ಅವರು ಕೈಯನ್ನು ಹಾಗೇ ಹಿಡಿದು ನಿಂತರು. ಶಾಲೆಯ ಹೊತ್ತಾಯಿತು. ಮಿಲ್ಲಿನ ಭೋಂಗಾ ಕೂಗಿತು. 'ಗಾಡಿ ಯಾಕ ಬಿಟ್ಟಿಲ್ಲ' ಎಂದು ಒಬ್ಬೊಬ್ಬರೇ ತಾಯಂದಿರು ಹಿಟ್ಟಿನ ಕೈಯಲ್ಲೇ ಬಂದು ಕೂಡಿದರು. ಎಲ್ಲರಿಗಿಂತ ಮುಂದೆ ಮಾಲವ್ವ.

"ಏನಾತ್ರೀ ಲಗಮಪ್ಪಣ್ಣ?" ಎಂದಳು. ನನ್ನ ಊದಿದ ಕಣ್ಣು ನೋಡಿ ಅವಳ ಮುಖ ಅರಳಿತು. "ಅದ... ಫೋಟೋದಾಕಿ ವಿಷಯ ಏನ?"

ನಮ್ಮವರು ನನ್ನ ಕಡೆ ನೋಡಲಿಲ್ಲ. ನೆಲ ನೋಡಿದರು. ಗಾಡಿಯಲ್ಲಿ ಮಗಳು ಕೂತಿದ್ದಾಳೆ, ಸುತ್ತ ಅಷ್ಟು ಜನ ಹೆಂಗಸರು. "ಹೌದ್ರಿ," ಎಂದರು. "ಹೆಣ್ಣಿನ ವಿಷಯ. ತಪ್ಪ ನಂದ ಐತಿ. ಮನಿಯಾಕಿಗೆ ಸಿಟ್ಟ ಬಂದೇತಿ. ಇವತ್ತೊಂದ ದಿನ ಸಂಭಾಳಿಸ್ರಿ, ನಾಳಿಂದ ಗಾಡಿ ಓಡಸತೇನಿ."

ಯಾರೋ ಥೂ ಎಂದರು. ಹೆಂಗಸರು ನನ್ನ ಕಡೆ ಕನಿಕರದಿಂದ ನೋಡಿದರು. ನನ್ನ ಗಂಡ ತಲೆ ತಗ್ಗಿಸಿ ನಿಂತಿದ್ದರು, ಓಣಿಯೆಲ್ಲ ಉಗುಳಿದರೂ ಸರಿ, ಸ್ಟೇರಿಂಗ್ ಒಂದು ಉಳಿಯಲಿ ಎಂದು. ನಾನು ಸುಮ್ಮನಿದ್ದರೆ ಸಾಕಿತ್ತು. ನಾಳೆಯಿಂದ ಗಾಡಿ ಓಡುತ್ತಿತ್ತು.

"ಸುಳ್ಳು!" ಎಂದು ನಾನು ಕಿರುಚಿದೆ. "ಯಾವ ಹೆಣ್ಣೂ ಇಲ್ಲ, ಏನೂ ಇಲ್ಲ! ನನ್ನ ಗಂಡನಂಥಾ ಗಂಡ ಈ ಓಣ್ಯಾಗ ಯಾರಿಗೂ ಇಲ್ಲ. ಅವರಿಗೆ ಬಲಗಣ್ಣು ಕಾಣಂಗಿಲ್ಲ. ನಿಮ್ಮ ನಿಮ್ಮ ಮಕ್ಕಳನ್ನ ಇಳಿಸಿಕೊಳ್ರಿ."

ಮಾಲವ್ವನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಆಮೇಲೆ ಅವಳೇ ಮೊದಲು ಓಡಿಹೋಗಿ ಮಗನ ರಟ್ಟೆ ಹಿಡಿದು ಇಳಿಸಿದಳು. ಉಳಿದವರೂ ಓಡಿದರು. ಚೀಲ, ನೀರಿನ ಬಾಟಲಿ, ಬೂಟು, ಅಳು, ಎಲ್ಲ ಒಟ್ಟಿಗೆ ಇಳಿಯಿತು. ಕೊನೆಗೆ ಗಾಡಿಯಲ್ಲಿ ಲಕ್ಷ್ಮಿ ಒಬ್ಬಳೇ ಉಳಿದಳು.

ನಾನು ನಮ್ಮವರ ಬಲಕ್ಕೆ ನಿಂತಿದ್ದೆ. ನನ್ನನ್ನು ನೋಡಬೇಕೆಂದರೆ ಅವರು ಪೂರ್ತಿ ತಿರುಗಬೇಕಿತ್ತು. ಬಹಳ ಹೊತ್ತಿನ ಮೇಲೆ ತಿರುಗಿದರು.